ಅಡವಯ್ಯಜ್ಜನ ಫಟಫಟಿ

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯಜ್ಜನ ಆಶ್ರಮ. ಆಶ್ರಮವೆಂದರೆ ಮಣ್ಣಿನ ಎರಡು ಕೋಣೆ, ಒಂದು ಬೇವಿನ ಗಿಡ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಚಳಿಗಾಲದ ಬೆಳಗಿನಲ್ಲಿ ಹೊಳೆಯ ಮಂಜು ಆ ಮೆಟ್ಟಿಲು ಹತ್ತಿ ಬಂದು ಅಂಗಳದಲ್ಲಿ ಕೂರುತ್ತಿತ್ತು. ಬಿಸಿಲು ಬಂದು ಎಬ್ಬಿಸುವ ತನಕ ಏಳುತ್ತಿರಲಿಲ್ಲ.

ಅಂಥದೊಂದು ಬೆಳಗಿನಲ್ಲಿ ಫಕ್ಕೀರಪ್ಪ ಬಂದ. ಅರಳೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಮಿಲ್ಲು ಮುಚ್ಚಿತ್ತು. ಹೆಂಡತಿ ಶಾಂತವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಕೂತರೂ ನಿಂತರೂ ಅವನ ತಲೆಯೊಳಗೆ ಮಿಲ್ಲಿನ ಯಂತ್ರವೊಂದು ತಿರುಗುತ್ತಲೇ ಇತ್ತು.

"ಏನ ಬೇಕಪಾ?" ಅಂದರು ಅಜ್ಜ.

"ಮನಸ್ಸು ನಿಲ್ಲವಲ್ದು ಅಜ್ಜಾರ. ನಿಲ್ಲಸೂದು ಹೆಂಗಂತ ಕಲಿಸಿಕೊಡ್ರಿ."

ಅಜ್ಜ ಎದ್ದರು. ಹಿತ್ತಲಿಗೆ ಕರೆದೊಯ್ದರು. ತಗಡಿನ ಚಪ್ಪರದ ಕೆಳಗೆ ಹೊಟ್ಟಿನ ಚೀಲಗಳನ್ನು ಸರಿಸಿದರು.

ಚೀಲಗಳ ಹಿಂದೆ ಒಂದು ಹಳೆಯ ಮೋಟರ್‌ಸೈಕಲ್ಲು ನಿಂತಿತ್ತು. ಎಂದೋ ಪರದೇಶದಿಂದ ಹಡಗಿನಲ್ಲಿ ಬಂದದ್ದು. ಅಜ್ಜನ ಗುರುಗಳಾದ ದೊಡ್ಡಜ್ಜ ಅದರ ಮೇಲೆ ಹಳ್ಳಿ ಹಳ್ಳಿ ತಿರುಗಿದ್ದರಂತೆ. ಅದರ ಪಕ್ಕಕ್ಕೆ ಒಬ್ಬರು ಕೂರುವಂಥ ಗೂಡು ಜೋಡಿಸಿತ್ತು. ಊರವರು ಗಾಡಿಗೆ ಫಟಫಟಿ ಅನ್ನುತ್ತಿದ್ದರು, ಆ ಗೂಡಿಗೆ ತೊಟ್ಟಿಲು. ಈಗ ತೊಟ್ಟಿಲಲ್ಲಿ ಬೆಕ್ಕೊಂದು ಮರಿ ಹಾಕಿತ್ತು.

"ಇದು ಓಡವಲ್ದು," ಅಂದರು ಅಜ್ಜ. "ನಿನ್ನ ಮನಸ್ಸು ನಿಲ್ಲವಲ್ದು. ಇಬ್ಬರೂ ಕೂಡಿ ಇರ್ರಿ."

ಫಕ್ಕೀರಪ್ಪ ಒಂದು ಮಂತ್ರವನ್ನಾದರೂ ಕೊಟ್ಟಾರು ಅಂದುಕೊಂಡು ಬಂದಿದ್ದ. ಸಿಕ್ಕಿದ್ದು ತುಕ್ಕು. ಆದರೂ ತೋಳು ಮಡಚಿ ಕೂತ. ಕಬ್ಬಿಣ ಅವನಿಗೆ ತಿಳಿದ ಭಾಷೆ.

ಬೆಕ್ಕಿನ ಮರಿಗಳು ಕಣ್ಣು ಬಿಟ್ಟು, ಬೆಳೆದು, ತಮ್ಮ ಪಾಡಿಗೆ ಹೋದವು. ಫಕ್ಕೀರಪ್ಪ ಗಾಡಿಯನ್ನು ಎಲುಬೆಲುಬಾಗಿ ಬಿಚ್ಚಿ ಚಾಪೆಯ ಮೇಲೆ ಹರವಿದ. ಅರ್ಧಕ್ಕರ್ಧ ಸಾಮಾನನ್ನು ತುಕ್ಕು ತಿಂದುಹಾಕಿತ್ತು. ಪಿಸ್ಟನ್ನು ಎರಡು ಹೋಳಾಗಿತ್ತು.

ಅವನು ಹುಡುಕುತ್ತ ಹೊರಟ. ಹುಬ್ಬಳ್ಳಿಯ ಗುಜರಿ ನೋಡಿದ, ಬೆಳಗಾವಿಯ ಗುಜರಿ ನೋಡಿದ, ಸೊಲ್ಲಾಪುರದ ತನಕ ಹೋಗಿ ಬಂದ. ಕಬ್ಬಿಣದ ರಾಶಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಜೋಳದ ರಾಶಿಯಲ್ಲಿ ಕಳೆದ ಮೂಗುತಿ ಹುಡುಕುವವರ ಹಾಗೆ ಬೆರಳಾಡಿಸಿದ. ಏನಾದರೂ ಸಿಕ್ಕರೆ ಪಂಚೆಯ ತುದಿಯಿಂದ ಒರೆಸಿ ಬೆಳಕಿಗೆ ಹಿಡಿಯುತ್ತಿದ್ದ. ಅದೇ ಬಳುಕು, ಅದೇ ಅಚ್ಚು, ಅದೇ ನಂಬರು.

ತಂದು ಕೂರಿಸಿದರೆ ಕೂರುತ್ತಿರಲಿಲ್ಲ. ಒಂದರ ತೂತು ಕೂದಲೆಳೆಯಷ್ಟು ಆಚೆ. ಇನ್ನೊಂದರ ಬೋಲ್ಟು ಎರಡು ಸುತ್ತು ಹೋಗಿ ಹಟ ಹಿಡಿಯುತ್ತಿತ್ತು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವು, ಒಂದೇ ನಂಬರು ಹೊತ್ತವು, ಒಂದನ್ನೊಂದು ಗುರುತೇ ಹಿಡಿಯುತ್ತಿರಲಿಲ್ಲ.

"ಹೊಂದವಲ್ದು ಅಜ್ಜಾರ," ಅಂದ ಫಕ್ಕೀರಪ್ಪ. ಅವನ ಕೈಯಲ್ಲಿ ಹೆಡ್‌ಲೈಟಿನ ಬಳೆ ಇತ್ತು. ಬೆರಳಿನಷ್ಟು ಅಗಲ ಹೆಚ್ಚು.

ಅಜ್ಜ ಅದನ್ನು ತೆಗೆದುಕೊಂಡು ಅಡುಗೆ ಕೋಣೆಗೆ ಹೋದರು. ನೀರಿನ ಕೊಡದ ಕೆಳಗೆ ಸಿಂಬೆಯಾಗಿ ಇಟ್ಟರು. ಅಷ್ಟು ದಿನ ಮುಟ್ಟಿದರೆ ವಾಲುತ್ತಿದ್ದ ಕೊಡ ನೆಟ್ಟಗೆ ಕೂತಿತು.

ಮುಂದೆ ಒಂದು ಹಲ್ಲುಚಕ್ರ ತಂದ. ಹಲ್ಲು ಹೊಂದಲಿಲ್ಲ. ಅಜ್ಜ ಅದನ್ನು ಬೇವಿನ ಗಿಡಕ್ಕೆ ತೂಗುಬಿಟ್ಟರು. ಊಟದ ಹೊತ್ತಿಗೆ ಕಲ್ಲಿನಿಂದ ತಟ್ಟಿದರೆ ಹೊಳೆಯ ಆಚೆ ದಂಡೆಯಲ್ಲಿ ದನ ಕಾಯುವವರೂ ತಲೆ ಎತ್ತುತ್ತಿದ್ದರು. ಗಾಲಿಯ ಮೇಲಿನ ತಗಡು ತಂದ. ಬಾಗು ಹೊಂದಲಿಲ್ಲ. ಅದು ಕರು ನೀರು ಕುಡಿಯುವ ದೋಣಿಯಾಯಿತು. ಒಮ್ಮೆ ತಂದ ಪಿಸ್ಟನ್ನು ಅಳತೆಗೆ ದೊಡ್ಡದಾಯಿತು. ಅದನ್ನು ಅಜ್ಜ ಬುಡಮೇಲು ಮಾಡಿ, ಎಣ್ಣೆ ಹೊಯ್ದು, ಬತ್ತಿ ಇಟ್ಟು ದೊಡ್ಡಜ್ಜನ ಗದ್ದುಗೆಯ ಮುಂದೆ ಹಚ್ಚಿದರು.

ಫಕ್ಕೀರಪ್ಪನಿಗೆ ಕೆಟ್ಟೆನಿಸಿತು.

"ಅಜ್ಜಾರ, ಇವನ್ನೆಲ್ಲ ನಾ ಗಾಡೀಗಂತ ತಂದಿದ್ದೆ."

"ನನಗ ಗೊತ್ತೈತಿ," ಅಂದರು ಅಜ್ಜ. "ಅವಕ್ಕ ಗೊತ್ತಿರಲಿಲ್ಲ."

ಪೆಟ್ರೋಲು ಟಾಕಿಯ ಎಡಮಗ್ಗುಲಿಗೆ ಒಂದು ತಗ್ಗು ಇತ್ತು. ಫಕ್ಕೀರಪ್ಪ ಒಂದು ದಿನ ಪೂರ್ತಿ ಒಳಗಿನಿಂದ ತಟ್ಟಿ ತಟ್ಟಿ ಅದನ್ನು ಎಬ್ಬಿಸಿದ. ಮೇಲೆ ಕಪ್ಪು ಬಣ್ಣ ಹೊಡೆದ. ಟಾಕಿ ಹೊಳೆಯ ನೀರಿನ ಹಾಗೆ ನುಣ್ಣಗಾಯಿತು. ಅಜ್ಜ ಬಂದು ಅದರ ಮೇಲೆ ಅಂಗೈ ಆಡಿಸಿದರು.

"ಇಲ್ಲೊಂದು ತಗ್ಗಿತ್ತಲ್ಲ?"

"ತೆಗದೆ ಅಜ್ಜಾರ."

"ಎಲ್ಲಿಟ್ಟಿ?"

ಅಜ್ಜ ಇನ್ನೂ ಅದೇ ಜಾಗದಲ್ಲಿ ಬೆರಳಾಡಿಸುತ್ತಿದ್ದರು. ಆಮೇಲೆ ಕೈ ತೆಗೆದು ಒಳಗೆ ಹೋದರು.

ಹೀಗೆ ಒಂದೊಂದಾಗಿ ಎಲ್ಲ ಬಂತು. ಎಲ್ಲೋ ಉಜ್ಜಿ, ಎಲ್ಲೋ ಕಾಯಿಸಿ ಬಡಿದು, ಅವನು ಗಾಡಿಯನ್ನು ಮತ್ತೆ ಗಾಡಿಯ ಆಕಾರಕ್ಕೆ ತಂದ. ಹೊಂದುವ ಪಿಸ್ಟನ್ನು ಮಾತ್ರ ಸಿಗಲಿಲ್ಲ.

ತಾಲೂಕಿನ ಊರಿನಲ್ಲಿ ಮಕ್ತುಮಸಾಬ ಅಂತ ಒಬ್ಬ. ಲೇತ್ ಮಷಿನ್ನು ಇಟ್ಟುಕೊಂಡಿದ್ದ. ಫಕ್ಕೀರಪ್ಪನ ಹಳೆಯ ಗೆಳೆಯ.

"ಪಂಪ್‌ಸೆಟ್ಟಿನ ಪಿಸ್ಟನ್ ಒಂದೈತಿ," ಅಂದ ಮಕ್ತುಮಸಾಬ. "ಅದನ್ನ ಲೇತಿಗೆ ಹಾಕಿ ಸಣ್ಣ ಮಾಡಿಕೊಡ್ತೀನಿ. ನಡೀತೈತಿ."

"ಬ್ಯಾಡೋ. ಅದು ಪಂಪಿಂದು. ಇದರದ ಇದಕ್ಕ ಬೇಕು."

"ಅದನ್ನ ಮಾಡಿದ ಕಾರ್ಖಾನಿ ಮುಚ್ಚಿ ಯಾವ ಕಾಲ ಆತು!"

"ಎಲ್ಲ್ಯರ ಒಂದು ಇದ್ದ ಇರತೈತಿ."

ಮಕ್ತುಮಸಾಬ ಚಹಾ ತರಿಸಿ ಕುಡಿಸಿ ಕಳಿಸಿದ.

ಎಲ್ಲೋ ಒಂದು ಇದೆ ಎಂಬುದು ಫಕ್ಕೀರಪ್ಪನಿಗೆ ಖಾತ್ರಿ. ಎಣ್ಣೆಕಾಗದ ಸುತ್ತಿಕೊಂಡು, ಯಾವುದೋ ಊರಿನ ಯಾವುದೋ ಅಟ್ಟದ ಮೇಲೆ, ಅದು ಅವನನ್ನೇ ಕಾಯುತ್ತ ಕೂತಿದೆ. ಅದು ಸಿಕ್ಕರೆ ಗಾಡಿ ಮೊದಲಿನ ಹಾಗೇ ಆಗುತ್ತದೆ. ಮೊದಲಿನ ಹಾಗೇ ಎಂದು ಅಂದುಕೊಂಡಾಗಲೆಲ್ಲ ಅವನಿಗೆ ಗಾಡಿ ಮಾತ್ರವಲ್ಲ, ತನ್ನ ಮನೆಯ ಪಡಸಾಲೆಯೂ ಕಾಣುತ್ತಿತ್ತು. ಅಲ್ಲಿ ಶಾಂತವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಚಪ್ಪರದ ನೆರಳಲ್ಲಿ ಜೊಂಪು ಹತ್ತಿತು. ಕನಸಿನಲ್ಲಿ ಅವನು ಹೊಳೆಯ ಮೆಟ್ಟಿಲು ಇಳಿಯುತ್ತಿದ್ದ. ಮೆಟ್ಟಿಲು ನೀರಿನೊಳಗೂ ಇಳಿದಿದ್ದವು. ತಳದಲ್ಲಿ ಒಂದು ಅಂಗಡಿ. ಹಸಿರು ಬೆಳಕು. ಗೂಡುಗಳ ತುಂಬ ಎಣ್ಣೆಕಾಗದದ ಪೊಟ್ಟಣಗಳು, ಮೀನುಗಳು ಅವುಗಳ ನಡುವೆ ಓಡಾಡುತ್ತಿದ್ದವು. ಗಲ್ಲಾಪೆಟ್ಟಿಗೆಯ ಹಿಂದೆ ಶಾಂತವ್ವ ಕೂತಿದ್ದಳು. ಅವಳು ಏನೂ ಕೇಳದೆ ಒಂದು ಪೊಟ್ಟಣ ಕೊಟ್ಟಳು. ಬಿಚ್ಚಿದರೆ ಪಿಸ್ಟನ್ನು. ಅವನು ಅದನ್ನು ಸಿಲಿಂಡರಿನೊಳಗೆ ಇಳಿಬಿಟ್ಟ. ನಿದ್ದೆಯಲ್ಲಿರುವ ಕೂಸು ಉಸಿರು ಬಿಟ್ಟ ಹಾಗೆ ಅದು ಒಳಗೆ ಹೋಗಿ ಕೂತಿತು.

ಎಚ್ಚರಾದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಅಜ್ಜ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಕನಸಿನ್ಯಾಗ ಹೊಂದಿತ್ರಿ ಅಜ್ಜಾರ."

"ಎಷ್ಟು ಹೊಂದಿತು?"

"ನಡುವ ಒಂದು ಕೂದಲೂ ಹೋಗತಿರಲಿಲ್ಲ. ಅಷ್ಟು."

ಅಜ್ಜ ಒಂದು ಕಾಯಿ ಸುಲಿದು ಕಾಳನ್ನು ಬುಟ್ಟಿಗೆ ಹಾಕಿದರು.

"ಅಷ್ಟು ಹೊಂದಿದರ ಓಡಂಗಿಲ್ಲೋ."

ಫಿಟ್ಟರನಾಗಿ ಇಡೀ ಆಯುಷ್ಯ ಕಳೆದವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಚೂರು ಸಂದಿ ಇರಬೇಕು, ಇಲ್ಲದಿದ್ದರೆ ಕಾದು ಹಿಡಿದುಕೊಳ್ಳುತ್ತದೆ. ಗೊತ್ತಿದ್ದೂ ಅವನಿಗೆ ಸಿಟ್ಟು ಬಂತು. ಅಂದು ಊಟಕ್ಕೆ ಹಲ್ಲುಚಕ್ರ ತಟ್ಟಿದ್ದು ಕೇಳಿಸಿದರೂ ಅವನು ಏಳಲಿಲ್ಲ.

ಕುಸುಬಿ ಹೂ ಬಿಡುವ ಕಾಲಕ್ಕೆ ಆಶ್ರಮಕ್ಕೆ ಒಬ್ಬ ಹೆಂಗಸು ಬಂದಳು. ಬಸ್ಸಿನ ಧೂಳು ಸೀರೆಯ ಮೇಲೆ ಹಾಗೇ ಇತ್ತು. ಹೆಸರು ದ್ಯಾಮವ್ವ. ಹೊಳೆಯ ಮೇಲ್ಗಡೆ, ಹಳ್ಳ ಬಂದು ಕೂಡುವಲ್ಲಿ, ಒಂದು ಗುಡಿಸಲಲ್ಲಿರುವ ಮುಪ್ಪಯ್ಯನ ಅನ್ನ ನೀರು ನೋಡಿಕೊಳ್ಳುವವಳು.

"ಮುಪ್ಪಯ್ಯನವರು ಉಣ್ಣೂದು ಬಿಟ್ಟಾರ್ರಿ ಅಜ್ಜಾರ," ಅಂದಳು. "ಕಣ್ಣಂತೂ ಯಾವಾಗೋ ಹೋಗ್ಯಾವ. ಈಗ ಕಿವಿ ಒಂದ ದಾರಿ ಕಡೆ ಇಟ್ಟು ಮಲಗ್ಯಾರ. ಫಟಫಟಿ ಸಪ್ಪಳ ಬಂತೇನು ನೋಡು, ಫಟಫಟಿ ಸಪ್ಪಳ ಬಂತೇನು ನೋಡು ಅಂತಾರ."

ಅಜ್ಜ ಅವಳಿಗೆ ನೀರಿನ ತಂಬಿಗೆ ಕೊಟ್ಟರು. ತಂಬಿಗೆ ತುಳುಕಿತು.

ದ್ಯಾಮವ್ವ ಹೋದ ಮೇಲೆ ಫಕ್ಕೀರಪ್ಪ ಕೇಳಿದ, "ಮುಪ್ಪಯ್ಯ ಅಂದರ ಯಾರ್ರಿ?"

"ನಾವಿಬ್ಬರೂ ದೊಡ್ಡಜ್ಜನ ಶಿಷ್ಯರು," ಅಂದರು ಅಜ್ಜ. "ದೊಡ್ಡಜ್ಜ ಗಾಡಿ ಹೊಡೀತಿದ್ದರು. ನಾ ತೊಟ್ಟಿಲದಾಗ. ಅವ ಹಿಂದ. ದೊಡ್ಡಜ್ಜ ಹೋಗುವಾಗ ಈ ಗದ್ದಿಗಿ ನನಗ ಅಂದರು. ಮರುದಿನ ಮುಂಜಾನೆ ಮುಪ್ಪಯ್ಯ ಹೊಳಿ ದಂಡಿ ಹಿಡದು ನಡಕೊಂತ ಹ್ವಾದ."

"ಜಗಳ ಆಗಿತ್ತೇನ್ರಿ?"

"ಜಗಳ ಆಗಿದ್ದರ ಮುಗದು ಹೋಗತಿತ್ತು."

ಹೊಳೆಯ ಮೇಲೆ ಬೆಳ್ಳಕ್ಕಿಗಳ ಸಾಲೊಂದು ಹಾದುಹೋಯಿತು. ಅಜ್ಜ ಅದು ಮರೆಯಾಗುವ ತನಕ ನೋಡಿದರು.

"ಬರ್ತೀನಿ ಅಂತ ಹೇಳಿ ಕಳಸಿದ್ದೆ," ಅಂದರು. "ಗಾಡಿ ರಿಪೇರಿ ಆದ ದಿವಸ ಬರ್ತೀನಿ ಅಂತ."

ಫಕ್ಕೀರಪ್ಪ ಚಪ್ಪರದ ಕಡೆ ನೋಡಿದ. ಮಿರುಗುವ ಟಾಕಿ, ಮಿರುಗುವ ಗಾಲಿ, ಒಳಗೆ ಪೊಳ್ಳು. ಅವನು ಚಪ್ಪಲಿ ಮೆಟ್ಟಿ ಓಡಿದ. ದ್ಯಾಮವ್ವ ಹತ್ತಿದ ಬಸ್ಸಿಗೇ ಕೈ ಮಾಡಿ ಹತ್ತಿ, ತಾಲೂಕಿನ ಊರಿನಲ್ಲಿ ಇಳಿದ.

"ಆ ಪಂಪಿನ ಪಿಸ್ಟನ್ ಐತೇನೋ?" ಅಂದ.

ಮಕ್ತುಮಸಾಬ ಲೇತಿಗೆ ಬೆಲ್ಟು ಹಾಕಿದ. ಬೆಳ್ಳಿಯಂಥ ಚಕ್ಕೆಗಳು ಸುರುಳಿ ಸುರುಳಿಯಾಗಿ ಬೀಳತೊಡಗಿದವು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಸಂಜೆಗೆ ಮುಂಚೆ, ಆಶ್ರಮದ ಚಪ್ಪರದ ಕೆಳಗೆ, ಪಿಸ್ಟನ್ನು ಸಿಲಿಂಡರಿನೊಳಗೆ ಇಳಿಯಿತು. ನಡುವೆ ಚೂರೇ ಚೂರು ಸಂದಿ. ಫಕ್ಕೀರಪ್ಪ ಕಿಕ್ ಹೊಡೆದ. ಗಾಡಿ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಆಮೇಲೆ ಬೇವಿನ ಗಿಡದ ಗಿಳಿಗಳೆಲ್ಲ ಒಮ್ಮೆಲೇ ಹಾರಿದವು.

ಗಾಡಿ ನಡೆಯಿತು. ಆದರೆ ದನಿ ಒಡಕು. ಶೀತವಾದ ಮುದುಕನ ಹಾಗೆ.

"ಅಜ್ಜಾರ, ಇದು ಮೊದಲಿನ ದನಿ ಇದ್ದಂಗಿಲ್ಲ. ಅವರಿಗೆ ಗುರುತು ಸಿಗಲಿಕ್ಕಿಲ್ಲ."

ಅಜ್ಜ ಆಗಲೇ ಶಾಲು ಮಡಚಿಟ್ಟುಕೊಳ್ಳುತ್ತಿದ್ದರು.

"ನಸುಕಿನ್ಯಾಗ ಹೊರಡೂಣು," ಅಂದರು.

ಮರುದಿನ ಮಂಜು ಇನ್ನೂ ಅಂಗಳದಲ್ಲಿ ಕೂತಿರುವಾಗಲೇ ಅವರು ಹೊರಟರು. ಅಜ್ಜ ತೊಟ್ಟಿಲಲ್ಲಿ ಕೂತು ಶಾಲು ಹೊದ್ದರು. ದಾರಿ ಹೊಳೆಯ ಪಕ್ಕಕ್ಕೇ ಹೋಗುತ್ತಿತ್ತು. ಎಡಕ್ಕೆ ನೀರು ಕಾಣುತ್ತಿರಲಿಲ್ಲ, ಬಲಕ್ಕೆ ಹೊಲ ಕಾಣುತ್ತಿರಲಿಲ್ಲ. ಬೆಳ್ಳನೆಯ ಹತ್ತಿಯೊಳಗೆ ಯಾರೋ ದಾರ ಪೋಣಿಸುತ್ತ ಹೋದ ಹಾಗೆ ಗಾಡಿ ಹೋಯಿತು. ಒಮ್ಮೊಮ್ಮೆ ಒಂದು ಜಾಲಿ ಗಿಡ ಎದುರು ಬಂದು ನಿಂತು, ಇವರನ್ನು ನೋಡಿ, ಹಿಂದೆ ಸರಿಯುತ್ತಿತ್ತು. ಒಮ್ಮೆ ಜೋಳದ ತೆನೆಗಳು ಮಂಜಿನ ಮೇಲೆ ತೇಲಿದವು. ಫಕ್ಕೀರಪ್ಪನಿಗೆ ತಾನು ಗಾಡಿ ಹೊಡೆಯುತ್ತಿದ್ದೇನೋ, ಯಾರೋ ಕಾಣುತ್ತಿರುವ ಕನಸಿನೊಳಗೆ ಹೋಗುತ್ತಿದ್ದೇನೋ ತಿಳಿಯಲಿಲ್ಲ. ತಲೆಯೊಳಗಿನ ಯಂತ್ರ ಯಾವಾಗ ನಿಂತಿತೆಂದೂ ಅವನಿಗೆ ಗೊತ್ತಾಗಲಿಲ್ಲ. ಗಾಡಿಯ ಒಡಕು ದನಿಯೊಂದೇ ಕೇಳುತ್ತಿತ್ತು.

ಬಿಸಿಲು ಬೀಳುವ ಹೊತ್ತಿಗೆ ಗುಡಿಸಲು ಕಂಡಿತು. ಹೊರಗೆ ಹೊರಸಿನ ಮೇಲೆ ಮುಪ್ಪಯ್ಯ ಮಲಗಿದ್ದ. ಕಟ್ಟಿಗೆಯಂತೆ ಒಣಗಿದ್ದ. ದ್ಯಾಮವ್ವ ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಫಕ್ಕೀರಪ್ಪ ಗಾಡಿ ನಿಲ್ಲಿಸಿದ; ಇಂಜಿನ್ನು ಇನ್ನೂ ಬಡಿದುಕೊಳ್ಳುತ್ತಿತ್ತು. ಮುಪ್ಪಯ್ಯ ಕಿವಿಗೊಟ್ಟು ಕೇಳಿದ.

"ಇದು ಆ ಗಾಡಿ ಅಲ್ಲ," ಅಂದ.

ಅದೇ ಗಾಡಿ ಎಂದು ಹೇಳಲು ಫಕ್ಕೀರಪ್ಪ ಬಾಯಿ ತೆರೆದ. ಅಜ್ಜ ಅವನ ಕೈ ಮೇಲೆ ಕೈ ಇಟ್ಟರು.

"ಅಲ್ಲ," ಅಂದರು ಅಜ್ಜ.

"ಮತ್ತ ಯಾವುದು?"

"ಸಿಕ್ಕದ್ದು."

ಮುಪ್ಪಯ್ಯನ ಮುಖ ಆ ದನಿಯ ಕಡೆ ತಿರುಗಿತು. ಕುರುಡು ಕಣ್ಣುಗಳು ಅಗಲವಾದವು.

"ಅಡವ್ಯಾ?"

ಅಜ್ಜನನ್ನು ಹಾಗೆ ಕರೆದವರನ್ನು ಫಕ್ಕೀರಪ್ಪ ಕಂಡಿರಲಿಲ್ಲ.

"ಹೂಂನೋ," ಅಂದರು ಅಜ್ಜ.

"ಮುದುಕ ಆಗೀಯಲ್ಲೋ!"

"ಕಣ್ಣಿಲ್ಲದಾವ ನಿನಗ ಹೆಂಗ ಕಂಡಿತು?"

ಮುಪ್ಪಯ್ಯ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ನನಗ ಹತ್ತಸ್ರಿ," ಅಂದ.

ಅವನನ್ನು ಎತ್ತಿ ತೊಟ್ಟಿಲಲ್ಲಿ ಕೂರಿಸಿದರು. ಅಜ್ಜ ಹಿಂದೆ ಹತ್ತಿದರು. ಫಕ್ಕೀರಪ್ಪ ಹೊಳೆಯ ದಂಡೆಗುಂಟ ಮೆಲ್ಲಗೆ ಹೊಡೆದ. ಮುಪ್ಪಯ್ಯ ಗಾಳಿಗೆ ಮುಖವೊಡ್ಡಿ, ದಾರಿಯುದ್ದಕ್ಕೂ ದೊಡ್ಡಜ್ಜನ ಗಾಡಿಯ ಸುದ್ದಿಯನ್ನೇ ಹೇಳಿದ.

"ಆ ಗಾಡಿ ಮುಂದ ಇದೇನೂ ಅಲ್ಲ ಬಿಡು. ಅದು ಹೊಂಟರ ಮದ್ದಳಿ ಬಾರಸಿದಂಗ ಇರತಿತ್ತು. ಇದೇನೋ ಗೊರಕಿ ಹೊಡೀತೈತಿ."

"ಹೌದು," ಅಂದರು ಅಜ್ಜ.

"ಅದು ಎಲ್ಲ್ಯರ ಸಿಕ್ಕರ ತೊಗೊಂಬಾ."

"ಆತು."

ಫಕ್ಕೀರಪ್ಪನ ಕಣ್ಣಲ್ಲಿ ನೀರು ಬಂತು. ಗಾಳಿಗಿರಬೇಕು.

ತಿರುಗಿ ಬಂದು ಮುಪ್ಪಯ್ಯ ಅಂಬಲಿ ಕೇಳಿ ಕುಡಿದ. ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜ ಅಂದು ಹಿಂದಿರುಗಲಿಲ್ಲ, ಮರುದಿನವೂ ಇಲ್ಲ. ಮುಂಜಾನೆ ಮುಂಜಾನೆ ಮೂವರೂ ಗಾಡಿ ಹತ್ತುತ್ತಿದ್ದರು. ಗದ್ದುಗೆಯ ಮಾತು ಯಾರೂ ಎತ್ತಲಿಲ್ಲ. ಯಾವ ಊರಲ್ಲಿ ಯಾರು ದೊಡ್ಡಜ್ಜನಿಗೆ ಹೋಳಿಗೆ ಬಡಿಸಿದ್ದರು, ಯಾವ ಹಳ್ಳದಲ್ಲಿ ಗಾಡಿ ಹೂತಿತ್ತು, ಬರೀ ಇವೇ ಮಾತು. ಒಮ್ಮೊಮ್ಮೆ ಇಬ್ಬರೂ ಸುಮ್ಮನಾಗುತ್ತಿದ್ದರು. ಆಗ ಗಾಡಿಯೊಂದೇ ಮಾತಾಡುತ್ತಿತ್ತು.

ಒಂದು ಮುಂಜಾನೆ ಮಂಜು ತುಸು ಹೆಚ್ಚಿತ್ತು. ಅಜ್ಜ ಹಿಂದಿನಿಂದ ಏನೋ ಕೇಳಿದರು. ತೊಟ್ಟಿಲಿನಿಂದ ಉತ್ತರ ಬರಲಿಲ್ಲ. ಫಕ್ಕೀರಪ್ಪ ಓರೆಗಣ್ಣಿನಿಂದ ನೋಡಿದ. ಮುಪ್ಪಯ್ಯನ ಗದ್ದ ಎದೆಗೆ ಒರಗಿತ್ತು. ಗಡ್ಡದಲ್ಲಿ ಮಂಜಿನ ಹನಿಗಳು ನಿಂತಿದ್ದವು. ಫಕ್ಕೀರಪ್ಪನ ಕೈ ಬ್ರೇಕಿನ ಕಡೆ ಹೋಯಿತು.

"ನಿಲ್ಲಸಬ್ಯಾಡ," ಅಂದರು ಅಜ್ಜ. ಭುಜದ ಮೇಲೆ ಅವರ ಅಂಗೈ ಬೆಚ್ಚಗಿತ್ತು. "ಇನ್ನೊಂದೀಟು ಹೋಗೂಣು."

ಅವರು ಇನ್ನೊಂದಿಷ್ಟು ದೂರ ಹೋದರು.

ಹಳ್ಳ ಹೊಳೆ ಕೂಡುವಲ್ಲಿ ಮುಪ್ಪಯ್ಯನನ್ನು ಮಣ್ಣು ಮಾಡಿದರು. ದ್ಯಾಮವ್ವ ಕುಸುಬಿಯ ಹೂ ಕಿತ್ತು ತಂದು ಇಟ್ಟಳು. ಕೆಲಸವೆಲ್ಲ ಮುಗಿದ ಮೇಲೆ ಗುರು ಶಿಷ್ಯರು ಹಿಂದಿರುಗಿದರು. ಅಜ್ಜ ಹಿಂದೆಯೇ ಕೂತರು. ತೊಟ್ಟಿಲು ಖಾಲಿ ಇತ್ತು.

ಅರ್ಧ ದಾರಿಯಲ್ಲಿ ಗಾಡಿ ಕಾದು ನಿಂತಿತು. ಆರಲಿ ಎಂದು ಇಬ್ಬರೂ ಇಳಿದು ದಂಡೆಯ ಮೇಲೆ ಕೂತರು. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಮೆಲ್ಲಗೆ ಹರಿಯುತ್ತಿತ್ತು. ಅವರ ಬೆನ್ನ ಹಿಂದೆ ರಸ್ತೆಯಲ್ಲಿ ಬಸ್ಸೊಂದು ಧೂಳೆಬ್ಬಿಸುತ್ತ ಹೋಯಿತು.

ಧೂಳು ಇಳಿದ ಮೇಲೆ ಫಕ್ಕೀರಪ್ಪ ಅಜ್ಜನ ಕಡೆ ತಿರುಗಿದ.

"ಅಜ್ಜಾರ, ಈ ಬಸ್ಸು ದಿನಾ ಹೋಗತೈತಿ."

"ಹೋಗತೈತಿ."

"ನಮ್ಮೂರಿಂದ ಅವರ ಊರಿಗೆ."

"ಹೂಂ."

"ಮತ್ತ ಇಷ್ಟು ವರ್ಷ ಯಾಕ ಹೋಗಲಿಲ್ರಿ?"

ಅಜ್ಜ ನೀರನ್ನು ನೋಡುತ್ತಲೇ ಅಂದರು,

"ನೀ ಪಿಸ್ಟನ್ನಿಗೆ ಕಾದಿ. ನಾ ಗಾಡಿಗೆ ಕಾದೆ. ಅವನೊಬ್ಬನ ನಮಗ ಕಾದ."